ಜೇಬಿನಲ್ಲಿದ್ದ ಬೆಲ್ಲು

ಆವತ್ತು ಮಂಜಿನಲ್ಲಿ ನನ್ನ ತಮ್ಮನಿಗಾಗಿ ನಾನು ಸೈಕಲ್ಲಿನ ಬೆಲ್ಲು ಬಾರಿಸಲಿಲ್ಲ. ಬಾರಿಸಬೇಕಾಗಿತ್ತು, ಬಾರಿಸಲಿಲ್ಲ. ಇಷ್ಟನ್ನು ಹೇಳಲು ನನಗೆ ಹದಿನಾರು ವರ್ಷ ಹಿಡಿಯಿತು. ಹೇಳಿದ ಮೇಲೆ ಎದೆ ಹಗುರವಾಗಿದೆ, ಅದಕ್ಕೇ ಬರೆಯುವ ಧೈರ್ಯವೂ ಬಂದಿದೆ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿ. ದೆವ್ವ, ಗಾಳಿ ಎಂದು ಯಾರಾದರೂ ಅಂದರೆ ನಗುತ್ತಿದ್ದವನೂ ನಾನೇ. ಈಗಲೂ ಅದನ್ನೆಲ್ಲ ನಂಬುತ್ತೇನೆಂದು ಹೇಳಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ನಮ್ಮದು ಕ್ಯಾಸಂಬಳ್ಳಿ ಕಡೆಯ ಹಳ್ಳಿ. ಬೆಳಿಗ್ಗೆ ನಾನೂ ತಮ್ಮ ಮುನಿರಾಜುವೂ ಒಂದೊಂದು ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಉರಿಗಾಂನ ಚಿನ್ನದ ಗಣಿ ಕೆಲಸಗಾರರ ಮನೆಗಳಿಗೆ ಹೋಗುತ್ತಿದ್ದೆವು. ರಸ್ತೆಯಲ್ಲಿ ಹೋದರೆ ಸುತ್ತು. ಸೈನೈಡ್ ದಿಬ್ಬ ಹತ್ತಿಳಿದರೆ ಹತ್ತಿರ. ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿಯನ್ನು ಸುರಿದೂ ಸುರಿದೂ ಆದ ಗುಡ್ಡಗಳವು. ಹುಲ್ಲು ಕೂಡ ಹುಟ್ಟದ ಮರಳುಗಾಡು. ಮಳೆನೀರು ಕೊರೆದ ಕೊರಕಲುಗಳು, ನಡುನಡುವೆ ಕಾಲುದಾರಿ. ಪ್ರತಿ ಚಳಿಗಾಲಕ್ಕೂ ದಾರಿ ಬೇರೆಯಾಗಿರುತ್ತಿತ್ತು. ರಜದ ದಿನಗಳಲ್ಲಿ ಹೊಸ ದಾರಿ ಹುಡುಕುವುದೇ ನಮ್ಮಿಬ್ಬರ ಆಟ. ನೆಲ ಗಟ್ಟಿಯಿದ್ದಲ್ಲಿ ತುಳಿಯುವುದು, ಚಕ್ರ ಹೂತಲ್ಲಿ ಇಳಿದು ತಳ್ಳುವುದು.

ಮಂಜು ಬಿದ್ದ ದಿನಕ್ಕೆ ಹಾಲಿನವರದೊಂದು ಕಟ್ಟಳೆಯಿತ್ತು. ದಾರಿ ಬಲ್ಲವನು ಮುಂದೆ. ಅವನು ಎರಡು ಸಲ, ಸ್ವಲ್ಪ ತಡೆದು ಒಂದು ಸಲ ಬೆಲ್ಲು ಬಾರಿಸುತ್ತ ಹೋಗಬೇಕು. ಹಿಂದಿನವನು ಕಣ್ಣನ್ನು ನಂಬದೆ ಆ ಸದ್ದನ್ನೇ ಹಿಡಿದು ಬರಬೇಕು. ಕೊರಕಲು ಎದುರಾದರೆ ಮುಂದಿನವನು ಬಿಡದೆ ಬಾರಿಸುತ್ತಾನೆ, ಹಿಂದಿನವನು ನಿಂತುಬಿಡಬೇಕು.

ಬೆಲ್ಲು ಬಾರಿಸದ ಆವತ್ತಿನ ಹಿಂದಿನ ದಿನ ಬಂಗಾರಪೇಟೆಯಲ್ಲಿ ಬಸ್ಸು ಹೊರಡುವ ಗಡಿಬಿಡಿಗೆ ಬೋರ್ಡು ಪೂರ್ತಿ ಓದಲಾಗದೆ ನಾನು ನಮ್ಮೂರ ಬಸ್ಸು ಬಿಟ್ಟು ಕಾಮಸಮುದ್ರದ್ದನ್ನು ಹತ್ತಿಬಿಟ್ಟಿದ್ದೆ. ಮುನಿ ಆಗ ಹತ್ತನೇ ಕ್ಲಾಸು. ಮಾರನೆಯ ಬೆಳಿಗ್ಗೆ ದಿಬ್ಬದ ಬುಡದ ಟೀ ಅಂಗಡಿಯಲ್ಲಿ, ನಾಲ್ಕು ಜನ ಹಾಲಿನವರ ಎದುರಿಗೆ ಆ ಮಾತೆತ್ತಿದ.

"ನಮ್ಮಣ್ಣನ್ನ ಒಬ್ಬನ್ನೇ ಬಂಗಾರಪೇಟೆಗೆ ಕಳ್ಸಬ್ಯಾಡ್ರಪ್ಪ. ಮನೆಗೆ ಓಗು ಅಂದ್ರೆ ಆಂಧ್ರಕ್ಕೆ ಓಗ್ಬಿಡ್ತಾನೆ!"

"ಅಂಗಾದ್ರೆ ಜತೇಲಿ ಎಮ್ಮೆ ಕಳ್ಸಲಾ, ಅದಕ್ಕಾದ್ರೂ ಮನೆದಾರಿ ಗೊತ್ತು," ಎಂದ ಅವರಲ್ಲೊಬ್ಬ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಉರಿಯುತ್ತಿತ್ತು. ಅವನು ಓದಲೆಂದೇ ನನ್ನನ್ನು ಸ್ಕೂಲು ಬಿಡಿಸಿದ್ದರು.

ದಿಬ್ಬ ಹತ್ತಿದಾಗ ಮಂಜು ಎಷ್ಟಿತ್ತೆಂದರೆ ಹ್ಯಾಂಡಲ್ ಹಿಡಿದ ನನ್ನ ಕೈಯೇ ನನಗೆ ಮಸುಕು. ಮುಂದೆ ನಾನು, ಹಿಂದೆ ಮುನಿ. ನಡುಮಧ್ಯೆ ಬಂದಾಗ ಬೆಲ್ಲಿನ ಮೇಲಿನ ಬಟ್ಟಲನ್ನು ತಿರುಗಿಸಿ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಓದಿದವನಲ್ಲವೇ, ದಾರಿಯನ್ನೂ ಓದಿಕೊಂಡು ಬರಲಿ ಅಂದುಕೊಂಡೆ. "ಅಣ್ಣಾ, ಬೆಲ್ಲು!" ಎಂದು ಅವನು ಎರಡು ಸಲ ಕೂಗಿದ. ನಾನು ಬಾಯಿ ಬಿಡದೆ ಸೈಕಲ್ಲು ತಳ್ಳಿಕೊಂಡು ಹೊರಟೆ.

ಉರಿಗಾಂ ಕಡೆ ಇಳಿದು ನಲ್ಲಿಯ ಹತ್ತಿರ ನಿಂತ ಮೇಲೆ ಕೋಪ ಇಳಿದು ಭಯ ಹತ್ತಿತು. ಕೊರಕಲಿನ ಅಂಚು ನೋಡಲು ಗಟ್ಟಿ, ಒಳಗೆ ಟೊಳ್ಳು. ಬಿದ್ದರೆ ಮೇಲಿನ ಪುಡಿಯೆಲ್ಲ ಜರಿದು ಮುಚ್ಚಿಕೊಳ್ಳುತ್ತದೆ. ವಾಪಸು ಓಡಲೆಂದು ಬಟ್ಟಲನ್ನು ಜೇಬಿನಿಂದ ತೆಗೆದೆ. ಚಳಿಗೆ ಬೆರಳು ಮರಗಟ್ಟಿ ಅದನ್ನು ಕೂರಿಸಲಾಗಲಿಲ್ಲ. ಅದು ಅಂಗೈಯಲ್ಲಿರುವಾಗಲೇ ಮಂಜಿನೊಳಗಿಂದ ಮುನಿ ಇಳಿದು ಬಂದ. ಮೈಯೆಲ್ಲ ಬಿಳಿ ಪುಡಿ, ಮುಖದ ತುಂಬ ನಗು.

"ಏನಣ್ಣ, ಮೊದ್ಲು ಸುಮ್ಕಿದ್ದು ನನ್ನ ಎದ್ರಿಸ್ಬಿಟ್ಟೆ. ಆಮ್ಯಾಕೆ ಒಂದೇ ಸಮ ಬಾರ್ಸ್ಕೊಂಡು ಬಂದ್ಯಲ್ಲ! ಆ ದೊಡ್ಡ ಕೊರಕಲತ್ರ ಬಿಡ್ದಂಗೆ ಬಾರ್ಸಿದ್ಯಲ್ಲ, ಅದಕ್ಕೇ ಉಳ್ಕಂಡೆ. ಮುಂದಿನ ಚಕ್ರ ಅಂಚಿಗೇ ಬಂದಿತ್ತು."

ಬಟ್ಟಲಿದ್ದ ಮುಷ್ಟಿಯನ್ನು ಬೆನ್ನ ಹಿಂದಿಟ್ಟುಕೊಂಡು "ಊಂ" ಎಂದೆ.

ಮನೆಯಲ್ಲಿ ಅವ್ವ ನನ್ನ ತಲೆ ನೇವರಿಸಿ, "ತಮ್ಮನ್ನ ಕಾಪಾಡ್ಕಂಡು ಬಂದ್ಯಲ್ಲ ನನ್ನಪ್ಪ," ಎಂದು ಮುದ್ದೆಗೆ ತುಪ್ಪ ಹಾಕಿದಳು. ಅದನ್ನು ಮುನಿಯ ತಟ್ಟೆಗೆ ದಾಟಿಸಿದೆ.

ಮಧ್ಯಾಹ್ನ ಒಬ್ಬನೇ ದಿಬ್ಬಕ್ಕೆ ಹೋಗಿ ನೋಡಿದೆ. ಮುನಿಯ ಚಕ್ರದ ಗುರುತು ಕೊರಕಲಿನ ಅಂಚಿಗೆ ಬಂದು, ಅಲ್ಲಿಂದ ಎಡಕ್ಕೆ ತಿರುಗಿ, ಸುತ್ತಿಕೊಂಡು ಇಳಿದಿತ್ತು. ನಾನು ಹೋದ ದಾರಿ ಅದಲ್ಲವೇ ಅಲ್ಲ. ಅವನ ಮುಂದೆ ಇನ್ನೊಂದು ಚಕ್ರದ ಗುರುತೂ ಇರಲಿಲ್ಲ. ಬೆಳಿಗ್ಗೆ ಟೀ ಅಂಗಡಿಯಲ್ಲಿದ್ದ ಹಾಲಿನವರನ್ನು ಕೇಳಿದೆ. ಮಂಜಿಗೆ ಹೆದರಿ ಎಲ್ಲರೂ ರಸ್ತೆ ಹಿಡಿದಿದ್ದರಂತೆ. ಮೇಕೆಯ ಕೊರಳಗಂಟೆ ಇರಬಹುದೇ? ಹುಲ್ಲಿಲ್ಲದ ಕಡೆ ಮೇಕೆಗೇನು ಕೆಲಸ? ಹೆದರಿದವನ ಕಿವಿಯ ಭ್ರಮೆ ಎನ್ನೋಣವೆಂದರೆ, ಆ ಭ್ರಮೆಗೆ ಕೊರಕಲು ಎಲ್ಲಿದೆಯೆಂದು ಹೇಗೆ ಗೊತ್ತಾಯಿತು? ಇವತ್ತಿಗೂ ನನ್ನ ಬುದ್ಧಿಗೆ ಇದು ನಿಲುಕಿಲ್ಲ.

ಮುನಿ ಈಗ ಕಾಮಸಮುದ್ರದಲ್ಲಿ ಮೇಷ್ಟ್ರು. ಹೋದ ಚಳಿಗಾಲದಲ್ಲಿ ಅವನ ಮನೆಗೆ ಹೋಗಿದ್ದೆ, ಈ ಸಲ ಬೋರ್ಡು ಓದಿಯೇ ಬಸ್ಸು ಹತ್ತಿದ್ದೆ. ಅವನ ಮಗಳು ಹೊಸ ಸೈಕಲ್ಲಿನ ಬೆಲ್ಲು ಬಾರಿಸುತ್ತ ಮನೆ ಮುಂದೆ ಸುತ್ತುತ್ತಿದ್ದಳು.

"ನಿಮ್ಮ ದೊಡ್ಡಪ್ಪ ಇಂಗೇ ಬಾರ್ಸಿ ನನ್ನ ಉಳಿಸ್ದೋನು ಕಣಮ್ಮ," ಎಂದ ಮುನಿ. ಎಷ್ಟನೆಯ ಸಲವೋ.

"ಎಂಗೆ ದೊಡ್ಡಪ್ಪ? ಬಾರ್ಸಿ ತೋರ್ಸು," ಎಂದು ಅವಳು ಸೈಕಲ್ಲನ್ನು ನನ್ನ ಮುಂದೆ ತಂದು ನಿಲ್ಲಿಸಿದಳು.

ಬೆಲ್ಲಿನ ಮೇಲೆ ಹೆಬ್ಬೆರಳಿಟ್ಟೆ. ಒತ್ತಲಾಗಲಿಲ್ಲ. ಅಲ್ಲೇ ನಿಂತು ಬಟ್ಟಲು ಬಿಚ್ಚಿದ್ದು, ಜೇಬಿಗೆ ಹಾಕಿದ್ದು, ಅವನು ಕೂಗಿದ್ದು ಕೇಳಿಸಿಯೂ ಸುಮ್ಮನೆ ಹೋದದ್ದು, ಎಲ್ಲವನ್ನೂ ಹೇಳಿಬಿಟ್ಟೆ. ಮುನಿ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದ. ಆಮೇಲೆ ಹಾಕಿಕೊಂಡು ನನ್ನನ್ನು ನೋಡಿ ನಕ್ಕ. ಅವನು ನಕ್ಕಾಗ ನನಗೆ ಹೊತ್ತುಕೊಂಡಿದ್ದ ಕ್ಯಾನು ಇಳಿಸಿದಂತಾಯಿತು.

"ಟೀ ಅಂಗಡೀಲಿ ಆ ಬಸ್ಸಿನ ಮಾತು ನಾನೂ ಆಡಬಾರ್ದಿತ್ತು, ಬಿಡು. ಅದಿರ್ಲಿ, ಮತ್ತೆ ಬಾರ್ಸಿದ್ದು ಯಾರಣ್ಣ?"

"ಗೊತ್ತಿಲ್ಲ ಕಣ್ಲಾ. ನಾನಂತೂ ಅಲ್ಲ. ತಪ್ಪಾಯ್ತು, ಮುನಿ."