ಒಂದೇ ಕೈಬರಹದ ಎಂಟು ಸಹಿಗಳು

ಶನಿವಾರ ಬೆಳಿಗ್ಗೆ ಏಳೂಕಾಲಿಗೆ ವಾಮೊಶಿ ಪಿರೋಶ್ಕ ಅಡುಗೆಮನೆಯಲ್ಲಿ ನಿಂತೇ ಬ್ರೆಡ್ಡಿಗೆ ಹಂದಿಕೊಬ್ಬು ಸವರಿಕೊಂಡು ತಿನ್ನುತ್ತಿದ್ದರು. ಕೋಟು ಆಗಲೇ ಮೈಮೇಲಿತ್ತು. ಪಕ್ಕದಲ್ಲೇ ಕುರ್ಚಿ ಇತ್ತು. ಮೂರು ವಾರದಿಂದ ಅದರ ಮೇಲೆ ಅವರ ಕೈಚೀಲ ಮಾತ್ರ ಕೂರುತ್ತಿತ್ತು.

ಮೇಜಿನ ಮೇಲೆ ಶಿಫಾರಸು ಹಾಳೆಗಳು. ಸಂಸತ್ತಿಗೆ ನಿಲ್ಲುವವರು ಕ್ಷೇತ್ರದ ಐನೂರು ಮತದಾರರ ಸಹಿ ತರಬೇಕು. ಇವತ್ತು ಸಂಜೆ ನಾಲ್ಕಕ್ಕೆ ಗಡುವು. ಪಿರೋಶ್ಕರ ಬಳಿ ಐನೂರ ಇಪ್ಪತ್ತೊಂದು ಇದ್ದವು. ಪರಿಶೀಲನೆಯಲ್ಲಿ ನೂರಕ್ಕೆ ಮೂರು ಸಹಿ ಬಿದ್ದುಹೋಗುತ್ತವೆ ಎನ್ನುವುದು ಹಿಂದೆ ಅವರೇ ಬರೆದ ಪ್ರಬಂಧದ ಲೆಕ್ಕ. ಆ ಲೆಕ್ಕದಲ್ಲಿ ಐನೂರ ಐದು ಉಳಿಯುತ್ತಿದ್ದವು.

ಕೊನೆಯ ಸಲ ಹಾಳೆ ತಿರುವುವಾಗ ಒಂದರ ಮೇಲೆ ಕೈ ನಿಂತಿತು. ಎಂಟು ಹೆಸರು, ಎಂಟು ಸಹಿ, ಎಲ್ಲವೂ ನೇರಳೆ ಶಾಯಿಯಲ್ಲಿ, ಎಲ್ಲವೂ ಒಂದೇ ಕೈಯವು. ಹಿಂದಿನ ಸಂಜೆ ಎದುರುಮನೆಯ ರೊಜಾಲಿಯ ತಂದುಕೊಟ್ಟ ಹಾಳೆ ಅದು. ಗಂಡ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಮೈದುನ, ಅವನ ಹೆಂಡತಿ, ಕೊನೆಗೆ ರೊಜಾಲಿಯ. ಗ್ಯಾಸಿನ ಅರ್ಜಿಯಿಂದ ಹಿಡಿದು ಮೊಮ್ಮಕ್ಕಳ ಶಾಲೆಯ ಪತ್ರದವರೆಗೆ ಆ ಮನೆಯ ಕಾಗದಗಳೆಲ್ಲ ರೊಜಾಲಿಯರ ಕೈಯಲ್ಲೇ ಆಗುತ್ತವೆ. ತಿಸಾ ನದಿಯ ಈ ದಡದಲ್ಲಿ ಬಹುಪಾಲು ಮನೆಗಳ ಪದ್ಧತಿ ಅದೇ.

ಕಚೇರಿಯವರು ಹೆಸರು, ವಿಳಾಸ, ಗುರುತಿನ ಸಂಖ್ಯೆ ನೋಡುತ್ತಾರೆ. ಕೈಬರಹ ನೋಡುವುದು ಅಪರೂಪ. ಅದೂ ಪಿರೋಶ್ಕರಿಗೆ ಗೊತ್ತಿತ್ತು. ಪೆನ್ನು ತೆಗೆದು ಏಳು ಸಾಲು ಹೊಡೆದುಹಾಕಿದರು, ರೊಜಾಲಿಯರದ್ದನ್ನು ಉಳಿಸಿದರು. ಐನೂರ ಹದಿನಾಲ್ಕು. ನೂರಕ್ಕೆ ಮೂರು ಹೋದರೆ ಐನೂರಕ್ಕೆ ಒಂದು ಕಡಿಮೆ.

ಇಪ್ಪತ್ತೆರಡು ವರ್ಷ ಅವರು ಬುಡಾಪೆಸ್ಟಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿದವರು. ಚುನಾವಣೆ ಬಂದಾಗಲೆಲ್ಲ ಟೀವಿಯಲ್ಲಿ ನಕ್ಷೆಯ ಮುಂದೆ ನಿಲ್ಲುತ್ತಿದ್ದರು. ಕಳೆದ ವರ್ಷ ಒಂದು ಕಾರ್ಯಕ್ರಮದಲ್ಲಿ ತಾವು ಹುಟ್ಟಿದ ಈ ಕ್ಷೇತ್ರದ ಬಗ್ಗೆ ಕೇಳಿದಾಗ, "ಅಲ್ಲಿ ಮನೆಗೊಂದೇ ವೋಟು. ಯಜಮಾನ ಹೇಳಿದ ಕಡೆ ಮನೆಯೆಲ್ಲ ಹೋಗುತ್ತದೆ" ಎಂದಿದ್ದರು. ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಫೋನು ಬಂತು. ಒಂದು ಕಾಲದಲ್ಲಿ ಶಾಲೆಯ ಅಡುಗೆಮನೆಯಲ್ಲಿ ಅವರಿಗೆ ಸೂಪು ಬಡಿಸಿದ ರೊಜಾಲಿಯ.

"ಏನೇ ಪಿರಿ, ನಾವಿನ್ನೂ ಯೋಚನೇನೇ ಮಾಡಿಲ್ಲ, ನೀನು ಆಗ್ಲೇ ನಮ್ ವೋಟು ಎಣಿಸಿಬಿಟ್ಯಲ್ಲೇ. ಅಷ್ಟು ಗೊತ್ತಿದ್ರೆ ಇಲ್ಲಿ ಬಂದು ನಿಂತ್ಕೋ."

ಆಮೇಲೆ ಪಿರೋಶ್ಕರಿಗೆ ಸ್ಟುಡಿಯೋದ ಕುರ್ಚಿಯೂ ಹಿಡಿಸಲಿಲ್ಲ. ಶರತ್ಕಾಲದಲ್ಲಿ ಕೆಲಸ ಬಿಟ್ಟು ಬಂದು ಮನೆ ಬಾಡಿಗೆಗೆ ಹಿಡಿದರು. ಯಾವ ಪಕ್ಷಕ್ಕೂ ಸೇರಲಿಲ್ಲ.

ಹೊಸ ಹಾಳೆ ಹಿಡಿದು ರಸ್ತೆ ದಾಟಿದಾಗ ಎದುರುಮನೆಯ ಅಂಗಳದಲ್ಲಿ ಹಂದಿ ಕೊಯ್ಯುವ ಕೆಲಸ ನಡೆದಿತ್ತು. ಹಂದಿಯ ಕೂದಲು ಸುಡಲು ಹಚ್ಚಿದ ಹುಲ್ಲಿನ ಹೊಗೆ ಇನ್ನೂ ಆಡುತ್ತಿತ್ತು. ಎಂಟೂ ಜನ ಅಲ್ಲೇ ಇದ್ದರು. ರೊಜಾಲಿಯರ ಗಂಡ ಡೆಜೊ ಕತ್ತಿ ಹಿಡಿದಿದ್ದ. ಆ ದಿನ ಕತ್ತಿ ಹಿಡಿದವನೇ ಯಜಮಾನ.

ಪಿರೋಶ್ಕ ವಿಷಯ ಹೇಳಿದರು. ರೊಜಾಲಿಯ ಕರುಳು ತೊಳೆಯುತ್ತಲೇ ಮಾತಾಡಿದರು.

"ನಲವತ್ತು ವರ್ಷದಿಂದ ಈ ಮನೆಗೆ ಬರೀತಿದೀನಿ. ತೆರಿಗೆಯೋರು ಒಪ್ಕೊಂಡ್ರು, ಪಾದ್ರಿ ಒಪ್ಕೊಂಡ. ನಿಂಗೆ ನನ್ ಕೈ ಆಗಲ್ವೇನೇ? ಹಂಗಾದ್ರೆ ನಂದೂ ಹೊಡೆದ್ಹಾಕು."

"ಅವರವರೇ ಹಾಕ್ಬೇಕು ರೊಜಿ ಅತ್ತೆ. ಎರಡೇ ನಿಮಿಷ."

"ಇಲ್ಲಿ ಎರಡು ನಿಮಿಷ ಯಾರತ್ರಾನೂ ಇಲ್ಲ" ಎಂದ ಡೆಜೊ. "ಕೈಯೆಲ್ಲ ಕೊಬ್ಬು. ಮಧ್ಯಾಹ್ನ ಸೂಪಿಗೆ ಕೂರೋವಾಗ ಕೈ ತೊಳೀತೀವಿ, ಆಗ ಕೇಳು. ಅಲ್ಲೀವರ್ಗೂ ಈ ಅಂಗಳದಲ್ಲಿ ಖಾಲಿ ಕೈಲಿ ನಿಲ್ಲೋ ಹಾಗಿಲ್ಲ. ಪ್ರೊಫೆಸರಮ್ಮಂಗೆ ಈರುಳ್ಳಿ ಕೊಡ್ರೋ."

ಹತ್ತು ಕಿಲೋ ಈರುಳ್ಳಿ ಬಂತು, ಮೂರುಕಾಲಿನ ಮಣೆ ಬಂತು. ಪಿರೋಶ್ಕ ಕೂತರು. ಒಂದು ಕಡೆ ಮೂವತ್ತು ಕಿಲೋಮೀಟರು ದೂರದ ಜಿಲ್ಲಾ ಪಟ್ಟಣದ ಕಚೇರಿಯ ಚಿಂತೆ ಬೆಳೆಯುತ್ತಿತ್ತು, ಇನ್ನೊಂದು ಕಡೆ ಸಿಪ್ಪೆಯ ರಾಶಿ. ಒಂಬತ್ತಾಯಿತು. ಎದ್ದು ಹೋಗಿ ಕಾರಿನ ಬೀಗ ನೋಡಿ ಬಂದರು. ಹತ್ತೂವರೆಗೆ ಮತ್ತೆ ನೋಡಿ ಬಂದರು.

"ಕಾರು ಓಡೋಗಲ್ಲ ಕಣಮ್ಮ" ಎಂದಳು ಕಿರಿಸೊಸೆ. "ಅದಕ್ಕೆ ವೋಟೂ ಇಲ್ಲ."

ಮೈದುನ ಹಣ್ಣಿನ ಸಾರಾಯಿ ಪಾಲಿಂಕದ ಪುಟ್ಟ ಲೋಟ ಚಾಚಿದ. ಗಾಡಿ ಓಡಿಸಬೇಕು ಎಂದರು ಪಿರೋಶ್ಕ. "ಕುಡಿಯಲ್ಲ, ಕೂರಲ್ಲ, ಇವಳು ಗೆದ್ದು ಏನ್ ಮಾಡ್ತಾಳೆ" ಎಂದು ಅವನೇ ಕುಡಿದ.

ಹನ್ನೆರಡೂವರೆಗೆ ಕೈ ತೊಳೆದರು. ಸೂಪಿನ ಬಟ್ಟಲುಗಳ ನಡುವೆ ಹಾಳೆ ಸುತ್ತಿತು. ಹಿರಿಮಗ ಓದದೆ ಸಹಿ ಹಾಕಿದ. ಕಿರಿಸೊಸೆ ಪೂರ್ತಿ ಓದಿ ಹಾಕಿದಳು. ಮೈದುನನ ಹೆಂಡತಿ ಹಾಕಿದಳು; ಮೈದುನ ಬಟ್ಟಲಿನಿಂದ ಕಣ್ಣೆತ್ತಲಿಲ್ಲ. ಕಿರಿಮಗ ಹಾಳೆಯನ್ನು ಮುಂದೆ ದಾಟಿಸಿದ: "ನಾನು ಆಚೆ ಪಕ್ಷದೋನು, ಅವ್ವಂಗೂ ಗೊತ್ತಿಲ್ಲ." ಹಿರಿಸೊಸೆ ಯೋಚಿಸಬೇಕು ಎಂದಳು.

ಡೆಜೊ ಹಾಳೆಯನ್ನು ದೂರ ಹಿಡಿದು ನೋಡಿದ. ಮೊದಲ ಹಾಳೆಯನ್ನೂ ಕೇಳಿ ತೆಗೆದುಕೊಂಡು, ಹೊಡೆದುಹಾಕಿದ ತನ್ನ ಹೆಸರು ನೋಡಿದ.

"ಟೀವೀಲಿ ಏನಂದಿದ್ದೆ? ನಾನ್ ಹೇಳಿದ್ ಕಡೆ ಮನೆ ಹೋಗುತ್ತೆ ಅಂತ. ನೋಡಿದ್ಯಾ, ನನ್ ಸಹೀನೇ ನನ್ನ ಕೇಳ್ದೆ ಹೋಗಿತ್ತು."

ಮೇಜಿನ ಸುತ್ತ ನಗು ಎದ್ದಿತು. ಪಿರೋಶ್ಕ ನಗಲಿಲ್ಲ. "ತಪ್ಪು ಹೇಳಿದ್ದೆ" ಎಂದರು.

"ಸರಿ. ಆದ್ರೂ ಇವತ್ತು ಹಾಕಲ್ಲ. ಮೊದ್ಲು ಮಾತಾಡ್ಬೇಕು. ನೀನು ಈ ಊರಿಗೆ ಏನ್ ಮಾಡ್ತೀಯಾ ಅಂತ ನಮ್ಮನೇಲಿ ಯಾರೂ ಕೇಳೇ ಇಲ್ಲ."

"ಈಗ ಹೇಳ್ಲಾ?"

"ಗಡಿಯಾರ ನೋಡ್ಕೊಂಡು ಹೇಳ್ಬೇಡ. ಇನ್ನೊಂದಿನ ಬಾ."

ಕಾರಿನವರೆಗೆ ರೊಜಾಲಿಯ ಬಂದರು. ಬಟ್ಟೆ ಮುಚ್ಚಿದ ತಟ್ಟೆಯಲ್ಲಿ ಬಿಸಿ ಸಾಸೇಜು, ಹುರಿದ ಕೊಬ್ಬು. ಹಂದಿ ಕೊಯ್ದ ದಿನ ನೆರೆಯವರಿಗೆ ಸಲ್ಲಬೇಕಾದ ಪಾಲು.

"ತಟ್ಟೆ ವಾಪಸ್ ಬರ್ಬೇಕು" ಎಂದರು. ಸ್ವಲ್ಪ ತಡೆದು, "ನನ್ನ ಸಾಲು ಇರ್ಲಿ, ಹೊಡೀಬೇಡ."

ಪಿರೋಶ್ಕ ಐನೂರ ಹದಿನೇಳು ಸಹಿಗಳನ್ನು ಮೂರು ಗಂಟೆ ಹತ್ತು ನಿಮಿಷಕ್ಕೆ ಕಚೇರಿಗೆ ಒಪ್ಪಿಸಿದರು. ಬುಧವಾರ ಫಲಿತಾಂಶ ಬಂತು: ಊರ್ಜಿತವಾದವು ಐನೂರ ಒಂದು. ಗುರುವಾರ ಬೆಳಿಗ್ಗೆ ಏಳಕ್ಕೆ ಅವರು ತೊಳೆದ ತಟ್ಟೆ ಹಿಡಿದು ಡೆಜೊನ ಬಾಗಿಲು ತಟ್ಟಿದರು.