ವಾಹೀದನ ಆಟದಲ್ಲಿ ಮಳೆ ಇತ್ತು

ಕೊಳಾರ ಕೈಗಾರಿಕಾ ಪ್ರದೇಶದ ಗೋದಾಮೊಂದರಲ್ಲಿ ಸರಕು ತಪಾಸಣೆ ಮಾಡುವ ಅನೀಲಕುಮಾರನಿಗೆ ಈಗ ನಲವತ್ತೆರಡು. ನೌಬಾದದ ಬಾಡಿಗೆ ಮನೆಯಲ್ಲಿ ಒಬ್ಬನೇ ಇರುತ್ತಾನೆ. ಮದುವೆಯ ಮಾತು ಎರಡು ಸಲ ಬಂದು ಹೋಯಿತು. ಮೂರನೆಯ ಸಲ ಯಾರೂ ತರಲಿಲ್ಲ. ರವಿವಾರ ಬಂದರೆ ಹಳೆಯ ಕಪ್ಪು ವಿಡಿಯೋ ಗೇಮ್ ಕನ್ಸೋಲನ್ನು ಟೀವಿಗೆ ಜೋಡಿಸಿ ಕಾರ್ ರೇಸ್ ಆಡುತ್ತಾನೆ. ಗೋದಾಮಿನಲ್ಲಿ ಯಾರಿಗೂ ಇದು ಗೊತ್ತಿಲ್ಲ.

ಭಾಲ್ಕಿಯಲ್ಲಿದ್ದಾಗ ಮೊದಲ ಸಂಬಳದಲ್ಲಿ ಕೊಂಡದ್ದು ಅದು. ತಿಂಗಳೊಳಗೆ ಅದೇ ಓಣಿಯ ಗೆಳೆಯ ಅಬ್ದುಲ ವಾಹೀದ ಬೇರೆ ಕಂಪನಿಯ ಬಿಳಿ ಕನ್ಸೋಲ್ ತಂದ. ಇಬ್ಬರೂ ತಂದ ಆಟ ಒಂದೇ. ಆದರೆ ಒಂದು ಆಟವನ್ನು ಎರಡು ಯಂತ್ರಗಳಿಗೆ ಹೊಂದಿಸುವಾಗ ಎರಡೂ ಕಡೆ ಒಂದೇ ಥರ ಬರುವುದಿಲ್ಲ. ವಾಹೀದನದರಲ್ಲಿ ಮಳೆ ಸುರಿಯುತ್ತಿತ್ತು, ಒದ್ದೆ ರಸ್ತೆಯ ಮೇಲೆ ದೀಪಗಳು ಹೊಳೆಯುತ್ತಿದ್ದವು. ಅನೀಲನದರಲ್ಲಿ ಮಳೆಯೇ ಇರಲಿಲ್ಲ. ತಿರುವಿನಲ್ಲಿ ಚಿತ್ರ ತಡವರಿಸುತ್ತಿತ್ತು. ಕಾರು ಹತ್ತಿರ ಹೋದ ಮೇಲೆ ಮರಗಳು ಮೂಡುತ್ತಿದ್ದವು.

ಒಂದು ದಿನ ಓಣಿಯ ಗೆಳೆಯರ ಮುಂದೆ ವಾಹೀದ ಇದನ್ನೇ ಹೇಳಿ ನಕ್ಕ. ರಸ್ತೆಯ ಚಿತ್ರ ಸರಿಯಾಗಿ ಬಿಡಿಸಲು ಬಾರದವರು ಮಳೆ ಸುರಿಸಿ ಮುಚ್ಚುತ್ತಾರೆ ಎಂದು ಅನೀಲ ವಾದಿಸಿದ. ಅದು ಸುಳ್ಳೆಂದು ಹೇಳುವಾಗಲೇ ಅವನಿಗೆ ಗೊತ್ತಿತ್ತು. ಮರುದಿನದಿಂದ ವಾಹೀದನ ಮನೆಗೆ ಹೋಗುವುದನ್ನು ಬಿಟ್ಟ. ವಾಹೀದ ಮೊಬೈಲ್ ಅಂಗಡಿ ಹಾಕಲು ಔರಾದಕ್ಕೆ ಹೊರಟಾಗಲೂ ಬೀಳ್ಕೊಡಲು ಹೋಗಲಿಲ್ಲ.

ಹೋದ ವರ್ಷ ಯಾರೋ ಆ ಎರಡೂ ಆಟಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದ ವಿಡಿಯೋ ಫೋನಿನಲ್ಲಿ ಸಿಕ್ಕಿತು. ಮಳೆಗೆ ಜಾಗ ಮಾಡಲು ಬಿಳಿ ಯಂತ್ರದ ಆಟದಿಂದ ಇಬ್ಬರು ಕೂಡಿ ಆಡುವ ಭಾಗವನ್ನೇ ತೆಗೆದಿದ್ದರಂತೆ. ಕಪ್ಪು ಯಂತ್ರದಲ್ಲಿ ಅದು ಉಳಿದಿತ್ತು. ಅನೀಲನ ಹತ್ತಿರ ಆಡಲು ಇದ್ದದ್ದು ಒಂದೇ ರಿಮೋಟ್. ಆಟದ ಶುರುವಿನ ಪಟ್ಟಿಯಲ್ಲಿದ್ದ ‘ಇಬ್ಬರ ಆಟ’ ಎಂಬ ಸಾಲನ್ನು ಅವನು ಎಂದೂ ಒತ್ತಿ ನೋಡಿರಲಿಲ್ಲ.

ಹುಡುಕಿ ಇನ್ನೊಂದು ಹಳೆಯ ರಿಮೋಟ್ ಕೊಂಡ. ಮುಂದಿನ ರವಿವಾರ ಕನ್ಸೋಲನ್ನು ಚೀಲಕ್ಕೆ ಹಾಕಿಕೊಂಡು ಔರಾದದ ಬಸ್ ಹತ್ತಿದ.

ಕೇಳುತ್ತ ಅಂಗಡಿ ಹುಡುಕಿ ಹೋದಾಗ ವಾಹೀದ ಗುರುತು ಹಿಡಿದ, ಚಹಾ ತರಿಸಿದ. ಚೀಲದಿಂದ ಕನ್ಸೋಲ್ ಹೊರಬಂದಾಗ ನಕ್ಕು ಅಂಗಡಿಯ ಟೀವಿಗೆ ತಾನೇ ಜೋಡಿಸಿದ. ಪರದೆ ಎರಡು ಪಾಲಾಗಿ ಎರಡು ಕಾರು ಹೊರಟವು. ಅರ್ಧ ದಾರಿಗೆ ಗಿರಾಕಿ ಬಂದ. ವಾಹೀದ ರಿಮೋಟ್ ಇಟ್ಟು ಎದ್ದ. ಅವನ ಕಾರು ರಸ್ತೆ ಬದಿಗೆ ನಿಂತಿತು. ಅನೀಲ ತನ್ನ ಕಾರನ್ನೂ ಅದರ ಪಕ್ಕಕ್ಕೆ ತಂದು ನಿಲ್ಲಿಸಿದ. ಆ ಗಿರಾಕಿಯ ಹಿಂದೆ ಇನ್ನೊಬ್ಬ ಬಂದ. ಆಟದ ಸಮಯ ಮುಗಿಯಿತು.

“ನೀ ಯಾಕ ನಿಂತಿ? ಗೆಲ್ಲಬೇಕಿತ್ತಲ್ಲ,” ಎಂದ ವಾಹೀದ ತಿರುಗಿ ಬಂದು.

“ನಿಂದರಾಗ ಮಳಿ ಭಾಳ ಛಂದ ಇತ್ತು, ವಾಹೀದ. ಅವತ್ತ ನಾ ಸುಳ್ಳ ಹೇಳಿದ್ದೆ.”

ವಾಹೀದ ಸ್ವಲ್ಪ ಹೊತ್ತು ನೆನಪಿಸಿಕೊಳ್ಳಲು ನೋಡಿದ. “ಯಾವ ಮಳಿ? ನನಗ ನೆಪ್ಪೇ ಇಲ್ಲ ನೋಡು. ಆ ಡಬ್ಬಿ ಮಾರಿ ಹದಿನೈದು ವರ್ಷ ಆಯ್ತು.”

ಇಪ್ಪತ್ತು ವರ್ಷ ಹೊತ್ತ ಮಾತಿಗೆ ಬಂದ ಉತ್ತರ ಅಷ್ಟೇ. ಅನೀಲ ತಲೆಯಾಡಿಸಿ ವೈರು ಬಿಚ್ಚಿ ಸುತ್ತಿದ. ವಾಹೀದ ಬಿಡದೆ ಮನೆಗೆ ಕರೆದೊಯ್ದು ಊಟ ಹಾಕಿಸಿದ.

ಈಗ ಎರಡು ತಿಂಗಳಿಗೊಮ್ಮೆ ಅನೀಲ ಔರಾದಕ್ಕೆ ಹೋಗಿ ಬರುತ್ತಾನೆ. ಅಂಗಡಿಯ ಮಾತು, ವಾಹೀದನ ಮಗಳ ಶಾಲೆಯ ಮಾತು ನಡೆಯುತ್ತವೆ. ಆಟದ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಐದರ ಬಸ್ಸಿಗೆ ವಾಹೀದ ಬೈಕಿನಲ್ಲಿ ಕರೆತಂದು ಬಿಡುತ್ತಾನೆ, ಬಸ್ಸು ಹೊರಡುವವರೆಗೆ ನಿಂತಿರುತ್ತಾನೆ.