ಭವ್ಯಶ್ರೀ ಬಿಡಲು ಕಲಿತ ವಾರ

ಹಿಡಿದದ್ದನ್ನು ಬಿಡಬಾರದೆಂದು ಭವ್ಯಶ್ರೀಗೆ ಕುಂಬಳೆಯ ಕಬಡ್ಡಿ ಅಂಕಣ ಕಲಿಸಿತ್ತು. ಹಿಡಿದು ಕೆಡವಿದ ಮರುಕ್ಷಣವೇ ಬಿಡಬೇಕೆಂದು, ಈಗ ಅವಳಿಗೆ ಸಂಬಳ ಕೊಡುತ್ತಿರುವ ರಗ್ಬಿ ಆಟ ಹೇಳುತ್ತಿತ್ತು. ಈ ಎರಡರ ನಡುವೆ ಸಿಕ್ಕಿಕೊಂಡ ಹುಡುಗಿ ಆ ಇಡೀ ವಾರ ಮನೆಯಲ್ಲಿ ಒಂದೆಡೆ ನಿಂತವಳಲ್ಲ, ಒಂದೆಡೆ ಕುಳಿತವಳಲ್ಲ. ಉಣ್ಣುವಾಗಲೂ ಅವಳ ಎಡಗಾಲು ಮೇಜಿನ ಕೆಳಗೆ ತಾಳ ಹಾಕುತ್ತಲೇ ಇರುತ್ತಿತ್ತು.

ರಗ್ಬಿ ಎಂದರೇನೆಂದು ಕೇಳಿದವರಿಗೆ ಉತ್ತರ ಕೊಡುವ ಹೊಣೆಯನ್ನು ಅವಳ ಅಪ್ಪ ಲೋಕನಾಥ ಯಾರೂ ಹೇಳದೆಯೇ ಹೊತ್ತುಕೊಂಡಿದ್ದ. ಅವನು ಕುಂಬಳೆ ಪೇಟೆಯಲ್ಲಿ ರಿಕ್ಷಾ ಓಡಿಸುವವನು. ಹಿಂದಿನ ಸೀಟಿನಲ್ಲಿ ಕುಳಿತವರಿಗೆ ಇಳಿಯುವವರೆಗೆ ಕೇಳದೆ ಗತಿಯಿರಲಿಲ್ಲ.

“ಕಬಡ್ಡಿಯೇ ಮಾರಾಯ್ರೆ. ಒಂದು ಚೆಂಡು ಹೆಚ್ಚು ಉಂಟು, ಅಷ್ಟೆ” ಎನ್ನುತ್ತಿದ್ದ.

ಮಗಳ ಕಷ್ಟವೆಲ್ಲ ಆ ಉತ್ತರದೊಳಗೇ ಇತ್ತು. ಕಬಡ್ಡಿಯಲ್ಲಿ ದಾಳಿಗೆ ಬಂದವಳನ್ನು ಹಿಡಿದರೆ ರೆಫರಿಯ ಸೀಟಿ ಕೇಳುವವರೆಗೆ ಹಿಡಿದೇ ಇರಬೇಕು. ಅರೆಗಳಿಗೆ ಸಡಿಲಿಸಿದರೂ ಅವಳು ಕೈ ಚಾಚಿ ನಡುಗೆರೆ ಮುಟ್ಟಿಬಿಡುತ್ತಾಳೆ, ಹಿಡಿದವರೆಲ್ಲ ಔಟಾಗಿ ಹೊರಗೆ ಹೋಗುತ್ತಾರೆ. ರಗ್ಬಿಯಲ್ಲಿ ಚೆಂಡು ಹಿಡಿದು ಓಡುವವಳನ್ನು ನೆಲಕ್ಕೆ ಕೆಡವಬೇಕು, ಕೆಡವಿದೊಡನೆ ತೋಳು ಬಿಚ್ಚಿ ಎದ್ದು ನಿಲ್ಲಬೇಕು, ಆಮೇಲೆ ಮಾತ್ರ ಚೆಂಡಿಗೆ ಕೈ ಹಾಕಬೇಕು. ಬಿದ್ದವಳನ್ನು ಹಿಡಿದೇ ಇದ್ದರೆ ಅದು ತಪ್ಪು, ಎದುರು ತಂಡಕ್ಕೆ ಪೆನಾಲ್ಟಿ. ಭವ್ಯಶ್ರೀಗೆ ನಿಯಮ ಬಾಯಿಪಾಠವಾಗಿತ್ತು. ಕೈಗಳಿಗೆ ಆಗಿರಲಿಲ್ಲ.

ಕೊಚ್ಚಿಯ ತಂಡದ ತರಬೇತುದಾರ ಹರಿನಾಥ ಅವಳನ್ನು ಮೊದಲು ಕಂಡದ್ದು ಕಣ್ಣೂರಿನ ಕಾಲೇಜು ಕಬಡ್ಡಿಯಲ್ಲಿ. ಈ ಹುಡುಗಿಯ ಹಿಡಿತ ನನಗೆ ಬೇಕು ಎಂದು ಅವರು ಅಂದೇ ಮನೆಗೆ ಬಂದು ಅಪ್ಪ ಅಮ್ಮನೊಡನೆ ಮಾತನಾಡಿದ್ದರು. ಅದೇ ಹಿಡಿತ ಕಳೆದ ವಾರದ ಫೈನಲಿನಲ್ಲಿ ತಂಡವನ್ನು ಮುಳುಗಿಸಿತು. ಗೆಲ್ಲುತ್ತಿದ್ದ ಪಂದ್ಯದ ಕೊನೆಯಲ್ಲಿ ಅವಳು ಎದುರಾಳಿಯೊಬ್ಬಳನ್ನು ಕೆಡವಿ, ಮತ್ತೆ ಅವಳ ಸೊಂಟವನ್ನು ಬಿಡಲೇ ಇಲ್ಲ. ಅದು ಆ ದಿನದ ಮೊದಲ ತಪ್ಪೂ ಆಗಿರಲಿಲ್ಲ. ಹಳದಿ ಕಾರ್ಡು ಬಂತು, ಎರಡು ನಿಮಿಷ ಆಟದಿಂದ ಹೊರಗೆ. ಅವಳು ಅಂಕಣದ ಹೊರಗೆ ಮಂಡಿಯೂರಿ ಕುಳಿತು ನೋಡುತ್ತಿರುವಾಗಲೇ, ಅವಳಿಲ್ಲದ ಜಾಗದಲ್ಲಿ ನುಗ್ಗಿ ಎದುರಾಳಿಗಳು ಚೆಂಡನ್ನು ಗೆರೆಯಾಚೆ ಊರಿ ಪಂದ್ಯ ಗೆದ್ದರು.

ಹರಿನಾಥ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. “ಮನೆಗೆ ಹೋಗು. ಭಾನುವಾರ ಕಣ್ಣೂರಿನಲ್ಲಿ ಅಭ್ಯಾಸ ಪಂದ್ಯ. ಪುಣೆಯ ಲೀಗಿಗೆ ಹೋಗುವ ಹನ್ನೆರಡು ಮಂದಿಯನ್ನು ಅಲ್ಲೇ ಆರಿಸುತ್ತೇನೆ. ಬಿಡಲು ಬರದವಳನ್ನು ಕರೆದೊಯ್ಯುವುದಿಲ್ಲ” ಎಂದು ಮಲೆಯಾಳದಲ್ಲಿ ತಣ್ಣಗೆ ಹೇಳಿ, ವಾರದ ಅಭ್ಯಾಸವನ್ನು ಫೋನಿಗೆ ಕಳುಹಿಸಿದರು. ಲೀಗಿಗೆ ಹೋಗದವಳ ಒಪ್ಪಂದ ಮುಂದುವರಿಯುವುದಿಲ್ಲ ಎಂಬುದನ್ನು ಅವರು ಹೇಳಬೇಕಾಗಿರಲಿಲ್ಲ. ಅದು ತಂಡದ ಹಾಸ್ಟೆಲಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಸೋಮವಾರ ಬೆಳಿಗ್ಗೆ ಬಿಸಿಲೇರುವ ಮೊದಲೇ ಅವಳು ಕೊಯಿಪಾಡಿಯ ಕಡಲ ಕರೆಗೆ ಹೋದಳು. ಸಡಿಲ ಮರಳಿನಲ್ಲಿ ಓಡುವುದು, ಎದೆಯ ಮೇಲೆ ಬೀಳುವುದು, ಕೈ ಊರದೆ ಏಳುವುದು, ಮತ್ತೆ ಓಡುವುದು. ಬಲೆ ಬಿಡಿಸುತ್ತಿದ್ದ ಮೀನುಗಾರರು ತಲೆಯೆತ್ತಿ ನೋಡಿದರು.

“ಎಂತಕ್ಕೆ ಬೀಳುವುದು ಏಳುವುದು? ನೆಟ್ಟಗೆ ಓಡ್ಲಿಕ್ಕಾಗುದಿಲ್ಲವಾ?” ಎಂದು ಒಬ್ಬ ಕೇಳಿದ.

“ಬೀಳುವುದಕ್ಕೇ ಸಂಬಳ ಕೊಡುವುದು ಅಣ್ಣಾ” ಎಂದಳು.

“ಹಾಗಾದ್ರೆ ನಮ್ಮ ಯತಿನನಿಗೂ ಒಂದು ಕೆಲಸ ಹೇಳು. ಅವ ಶನಿವಾರ ಸಂಜೆ ದಾರಿಯುದ್ದ ಬೀಳ್ತಾ ಬರುದು.”

ದೋಣಿಯ ಮರೆಯಿಂದ ಯತಿನನ ಬೈಗುಳ ಕೇಳಿತು. ಭವ್ಯಶ್ರೀ ನಕ್ಕಳು, ಆದರೆ ನಿಲ್ಲಲಿಲ್ಲ. ನಿಂತರೆ ಆ ಹಳದಿ ಕಾರ್ಡು ಕಣ್ಣಿಗೆ ಕಟ್ಟುತ್ತಿತ್ತು.

ಮಧ್ಯಾಹ್ನ ಹೆದ್ದಾರಿಯ ಸರ್ವಿಸ್ ರಸ್ತೆಯ ಪಕ್ಕದ ಮಾಳಿಗೆಯಲ್ಲಿದ್ದ ಜಿಮ್ಮಿನಲ್ಲಿ ಭಾರ ಎತ್ತುವ ಕೆಲಸ. ಸಂಜೆ ಅಂಗಳದಲ್ಲಿ, ತೆಂಗಿನ ಬುಡಕ್ಕೆ ಒರಗಿಸಿಟ್ಟ ಮರಳು ತುಂಬಿದ ಗೋಣಿಯನ್ನು ಅಪ್ಪಿ ಕೆಡವುವ ಕೆಲಸ. ಕೆಡವಿ ಬಿಡು, ಕೆಡವಿ ಬಿಡು ಎಂದು ಅವಳು ಬಾಯಲ್ಲಿ ಹೇಳಿಕೊಳ್ಳುತ್ತಿದ್ದಳು. ಗೋಣಿಯನ್ನಾದರೆ ಬಿಡಬಹುದಿತ್ತು. ಅದು ತಪ್ಪಿಸಿಕೊಳ್ಳಲು ಒದ್ದಾಡುವುದಿಲ್ಲ. ಒದ್ದಾಡುವ ಮೈ ತೋಳಿಗೆ ಸಿಕ್ಕಿದಾಗಲೇ ಅವಳ ಬೆರಳುಗಳು ತಾವಾಗಿ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತಿದ್ದುದು.

ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಅಮ್ಮ ಸುಂದರಿ ಎಲೆಯಿಂದ ಕಣ್ಣೆತ್ತದೆಯೇ ಹೇಳಿದಳು: “ಆ ಗೋಣಿಯ ಮೇಲೆ ಎಂತ ಸಿಟ್ಟು ನಿನಗೆ? ಬಂದು ಗಂಜಿ ಉಣ್ಣು.”

“ಗಂಜಿ ಬೇಡಮ್ಮಾ. ಮೊಟ್ಟೆ ಬೇಯಿಸಿದ್ದೀಯಾ?”

“ಗಂಜಿ ಉಂಡವರಿಗೆ ಬಲ ಇರ್ಲಿಲ್ವಾ? ನಿನ್ನ ಅಜ್ಜಿ ಗಂಜಿ ಉಂಡೇ ಗದ್ದೆ ನೆಟ್ಟದ್ದು.”

“ಅಜ್ಜಿಗೆ ಯಾರೂ ಹಳದಿ ಕಾರ್ಡು ತೋರಿಸ್ಲಿಲ್ಲ.”

“ತೋರಿಸಿದ್ರೆ ಅದನ್ನೂ ಒಲೆಗೆ ಹಾಕ್ತಿದ್ರು” ಎಂದು ಸುಂದರಿ ಕತ್ತರಿಯನ್ನು ಗೆರಸೆಯ ಮೇಲಿಟ್ಟು, ಮೊಟ್ಟೆಯನ್ನೂ ಗಂಜಿಯನ್ನೂ ಒಟ್ಟಿಗೆ ತಂದು ಮುಂದಿಟ್ಟಳು.

ಬುಧವಾರ ವಿಶ್ರಾಂತಿಯ ದಿನ. ವಿಶ್ರಾಂತಿಯೂ ಕೆಲಸವೇ ಎಂದು ಹರಿನಾಥ ಎಷ್ಟು ಸಲ ಹೇಳಿದರೂ ಭವ್ಯಶ್ರೀಗೆ ಆ ಒಂದು ಕೆಲಸ ಬರುತ್ತಿರಲಿಲ್ಲ. ಅದೂ ಅಂದು ದೊಡ್ಡಮ್ಮನ ಮಗಳ ಮದರಂಗಿ. ಸೀರೆ ಉಡಲೇಬೇಕೆಂದು ಅಮ್ಮನ ಹಟ. ಹೋದ ವರ್ಷ ಹೊಲಿಸಿದ ರವಿಕೆಯ ತೋಳು ಮೊಣಕೈಯಿಂದ ಮೇಲೆ ಏರಲಿಲ್ಲ. ಹೊಲಿಗೆ ಬಿಚ್ಚಿ, ಪಿನ್ನು ಚುಚ್ಚಿ ಹೊರಟದ್ದಾಯಿತು. ಮದುವೆಮನೆಯಲ್ಲಿ ಹೆಂಗಸರು ಮದುಮಗಳ ಕೈಯ ಮದರಂಗಿ ನೋಡುವುದನ್ನು ಬಿಟ್ಟು ಭವ್ಯಶ್ರೀಯ ಕಿವಿಯನ್ನು ನೋಡಿದರು. ಉಜ್ಜಿ ಉಜ್ಜಿ ಬಾತು ಗಟ್ಟಿಯಾದ ಆ ಬಲಗಿವಿಗೆ ಓಲೆ ಹಾಕಲಾಗುತ್ತಿರಲಿಲ್ಲ.

“ಕಿವಿಗೆ ಎಂತ ಆಯ್ತು ಮಾರಾಯ್ತಿ?”

“ಆಟದಲ್ಲಿ ಆದದ್ದು ದೊಡ್ಡಮ್ಮಾ. ಎಲ್ಲರಿಗೂ ಆಗ್ತದೆ.”

“ಎಲ್ಲರಿಗೂ ಆಗುದಾದ್ರೆ ನನಗೆ ಎಂತಕ್ಕೆ ಆಗ್ಲಿಲ್ಲ? ದುಬಾಯಿಯಲ್ಲಿ ಒಬ್ಬ ಹುಡುಗ ಇದ್ದಾನೆ. ಫೋಟೋ ಎಡಬದಿಯಿಂದ ತೆಗೆಸುವ ಆಯ್ತಾ?”

ಹಾಗೆಂದು ನಗುತ್ತಲೇ ದೊಡ್ಡಮ್ಮ ಒದ್ದೆಯಾಗಿದ್ದ ಮೆಟ್ಟಿಲಿಗೆ ಕಾಲಿಟ್ಟು ಜಾರಿದರು. ಯಾರೂ ಅಯ್ಯೋ ಎನ್ನುವ ಮೊದಲೇ ಭವ್ಯಶ್ರೀಯ ತೋಳು ಅವರ ಸೊಂಟವನ್ನು ಬಳಸಿತ್ತು. ಅವರನ್ನು ಮೆಲ್ಲನೆ ಜಗಲಿಯ ಮೇಲೆ ಕೂರಿಸಿದಳು. ಸುತ್ತಲಿದ್ದವರು ಶಹಬ್ಬಾಸ್ ಎಂದರು.

“ಸಾಕು, ಇನ್ನು ಬಿಡು ಮಾರಾಯ್ತಿ. ಬಳೆ ಒಡೆದೀತು!” ಎಂದರು ದೊಡ್ಡಮ್ಮ.

ಆಗಲೇ ಅವಳಿಗೆ ತಿಳಿದದ್ದು, ತನ್ನ ಇನ್ನೊಂದು ಕೈ ಅವರ ಮಣಿಕಟ್ಟನ್ನು ಬಿಗಿಹಿಡಿದೇ ಇತ್ತೆಂದು. ಎಲ್ಲರೂ ಘೊಳ್ಳೆಂದು ನಕ್ಕರು. ಊಟಕ್ಕೂ ನಿಲ್ಲದೆ, ಪಿನ್ನು ಚುಚ್ಚಿದ ರವಿಕೆಯಲ್ಲೇ ಬಸ್ಸು ಹತ್ತಿ ಅವಳು ಮಹಾಲಿಂಗ ಮಾಸ್ಟ್ರನ್ನು ಹುಡುಕಿಕೊಂಡು ಹೋದಳು.

ಮಹಾಲಿಂಗ ಮಾಸ್ಟ್ರು ಶಾಲೆಯ ವ್ಯಾಯಾಮ ಶಿಕ್ಷಕರಾಗಿದ್ದು ನಿವೃತ್ತರಾದವರು. ಶಾಲೆ ಬಿಟ್ಟರೂ ಅಂಕಣ ಬಿಟ್ಟಿರಲಿಲ್ಲ. ಪ್ರತಿ ಸಂಜೆ ಊರ ಹುಡುಗಿಯರಿಗೆ ಕಬಡ್ಡಿ ಕಲಿಸುತ್ತಿದ್ದರು. ಭವ್ಯಶ್ರೀಯನ್ನು ಆರನೆಯ ತರಗತಿಯಿಂದ ಪಳಗಿಸಿದವರು ಅವರೇ. ತಮ್ಮ ಶಿಷ್ಯೆ ಬೇರೆ ಆಟಕ್ಕೆ ಹೋದದ್ದು ಅವರಿಗೆ ಸೇರಿರಲಿಲ್ಲವಾದರೂ, ಹೋದದ್ದು ತಾವು ಕಲಿಸಿದ ಹಿಡಿತದ ಬಲದಿಂದ ಎಂಬ ಹೆಮ್ಮೆಯಿತ್ತು. ಆ ಹೆಮ್ಮೆಯ ಬುಡಕ್ಕೇ ಕೈ ಹಾಕಬೇಕಾಗಿ ಬಂದ ಹುಡುಗಿ ಅಂಕಣದ ಗೇಟಿನ ಬಳಿ ತುಸು ತಡೆದು ನಿಂತಳು.

“ಮಾಸ್ಟ್ರೇ, ನನಗೆ ಬಿಡ್ಲಿಕ್ಕೆ ಕಲಿಸ್ಬೇಕು.”

“ಎಂತ?”

“ಹಿಡಿದ ಮೇಲೆ ಬಿಡ್ಲಿಕ್ಕೆ.”

ಮಾಸ್ಟ್ರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನಿನಗೆ ಹಿಡಿಯಲಿಕ್ಕೆ ಕಲಿಸುವಾಗ ನನ್ನ ಕೂದಲು ಬೆಳ್ಳಗಾಯ್ತು. ಈಗ ಬಂದು ಅದನ್ನು ಅಳಿಸಿ ಕೊಡಿ ಅಂತೀಯಾ? ನಾನು ಎಂತ, ಕರಿಹಲಗೆ ಒರೆಸುವವನಾ?”

ಅವಳು ಪುಣೆ, ಹನ್ನೆರಡು ಮಂದಿ, ಹರಿನಾಥರ ಮಾತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಮಾಸ್ಟ್ರು ಅಂಕಣದ ಕಡೆ ತಿರುಗಿ ನಿಂತು ಬಹಳ ಹೊತ್ತು ಹುಡುಗಿಯರ ಆಟ ನೋಡಿದರು. “ನಾಳೆ ಸೀರೆ ಬಿಟ್ಟು ಬಾ” ಎಂದಷ್ಟೇ ಹೇಳಿದರು.

ಮರುದಿನ ಸಂಜೆ ಅವರು ಕೊರಳಿನ ಸೀಟಿಯನ್ನು ತೆಗೆದು ಜೇಬಿಗೆ ಹಾಕಿದರು. ಅಂಥದ್ದನ್ನು ಆ ಅಂಕಣದಲ್ಲಿ ಯಾರೂ ಕಂಡಿರಲಿಲ್ಲ. ತಂಡದಲ್ಲಿ ಗಟ್ಟಿಮುಟ್ಟಾಗಿದ್ದ ಸೌಮ್ಯಶ್ರೀಯ ಕೈಗೆ ಭವ್ಯಶ್ರೀ ತಂದಿದ್ದ ಚೆಂಡನ್ನು ಕೊಟ್ಟು, ಓಡು ಎಂದರು. ಭವ್ಯಶ್ರೀ ಅವಳನ್ನು ಕೆಡವಿದಳು, ಹಿಡಿದಳು. ಮಾಸ್ಟ್ರು ಸೀಟಿ ಊದಲಿಲ್ಲ. ಅವಳ ಕಿವಿ ಸೀಟಿಗಾಗಿ ಕಾಯುತ್ತಿತ್ತು. ತೋಳು ಕಿವಿಗಾಗಿ ಕಾಯುತ್ತಿತ್ತು. ಮಣ್ಣಿನಲ್ಲಿ ಹೊರಳಾಡುತ್ತಿದ್ದ ಸೌಮ್ಯಶ್ರೀ ಕೂಗಿದಳು: “ಬಿಡಕ್ಕಾ! ನನಗೆ ಉಸಿರು ಬೇಕು!”

ಹುಡುಗಿಯರು ನಕ್ಕರು. ಮಾಸ್ಟ್ರು ನಗಲಿಲ್ಲ. “ನಾನು ಊದುದಿಲ್ಲ. ಎಷ್ಟು ಹೊತ್ತು ಹಿಡೀತಿ ಹಿಡಿ” ಎಂದರು.

ಅವರು ಕಲಿಸುತ್ತಿದ್ದಾರೋ ಶಿಕ್ಷಿಸುತ್ತಿದ್ದಾರೋ ಎಂದು ಅವಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ಮತ್ತೆ ಕೆಡವಿದಳು, ಮತ್ತೆ ಕಾದಳು, ಮತ್ತೆ ನಾಚಿದಳು. ಶುಕ್ರವಾರವೂ ಅದೇ ಮೌನ. ಕಾದು ಕಾದು ಬೇಸತ್ತ ಕಿವಿಗೆ ಆ ಸಂಜೆ ಕೊನೆಗೆ ಬೇರೊಂದು ಸದ್ದು ಕೇಳಿತು: ಓಡುವವಳ ಬೆನ್ನು ಮಣ್ಣಿಗೆ ಬಡಿದಾಗ ಆಗುವ ಧೊಪ್ಪೆಂಬ ಸದ್ದು. ಆ ಸದ್ದಿಗೆ ಬೆರಳುಗಳು ಒಮ್ಮೆ ಬಿಚ್ಚಿಕೊಂಡವು. ಮುಂದಿನ ಸಲ ಬಿಚ್ಚಲಿಲ್ಲ. ಅದರ ಮುಂದಿನ ಸಲ ಬಿಚ್ಚಿದವು.

“ಹೋಗು” ಎಂದರು ಮಾಸ್ಟ್ರು. ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಉಳಿದ ಹುಡುಗಿಯರ ಕಡೆ ನಡೆದರು.

ಭಾನುವಾರ ಕಣ್ಣೂರಿನ ಮೈದಾನದಲ್ಲಿ ತಂಡವನ್ನು ಎರಡಾಗಿ ಒಡೆದು ಆಡಿಸಿದರು. ಮೊದಲ ಅವಕಾಶದಲ್ಲೇ ಭವ್ಯಶ್ರೀ ಹೆದರಿಕೆಯಿಂದ ಕೆಟ್ಟಳು: ಓಡುತ್ತಿದ್ದವಳ ಮಂಡಿ ನೆಲಕ್ಕೆ ತಾಗುವ ಮೊದಲೇ ತೋಳು ಸಡಿಲಿಸಿದಳು. ಮುಗ್ಗರಿಸಿದವಳು ಸಾವರಿಸಿಕೊಂಡು ನೇರ ಗೆರೆಯಾಚೆ ಹೋಗಿ ಚೆಂಡೂರಿದಳು. ಬದಿಯಲ್ಲಿ ನಿಂತಿದ್ದ ಹರಿನಾಥ ಕೈಕಟ್ಟಿಕೊಂಡರು. ಎರಡನೆಯ ಸಲ ಆ ಅವಮಾನದ ಬಿಸಿಯಲ್ಲಿ ಹಳೆಯ ಹಿಡಿತವೇ ಬಂದುಬಿಟ್ಟಿತು. ರೆಫರಿ ಸೀಟಿ ಊದಿ ಅವಳ ಕಡೆ ಬೆರಳು ತೋರಿಸಿದರು. ಪೆನಾಲ್ಟಿ. ಇನ್ನೊಂದು ತಪ್ಪಾದರೆ ಕಾರ್ಡು, ಕಾರ್ಡಾದರೆ ಕುಂಬಳೆ.

ವಿರಾಮದಲ್ಲಿ ಉಳಿದವರು ನೀರು ಕುಡಿದು ಕುಳಿತರು. ಅವಳು ಗೆರೆಯುದ್ದಕ್ಕೂ ಅತ್ತಿತ್ತ ನಡೆದಳು.

ಆಟ ಮುಗಿಯುವ ಹೊತ್ತಿಗೆ ಬಲಬದಿಯಿಂದ ಎತ್ತರದ ಹುಡುಗಿಯೊಬ್ಬಳು ಚೆಂಡನ್ನು ಕಂಕುಳಿಗೆ ಅವುಚಿಕೊಂಡು ನುಗ್ಗಿದಳು. ಭವ್ಯಶ್ರೀ ಅವಳ ತೊಡೆಗೆ ಭುಜ ಕೊಟ್ಟಳು. ಇಬ್ಬರೂ ಉರುಳಿದರು. ಹುಲ್ಲಿನ ಮೇಲೆ ಬೆನ್ನು ಬಡಿದ ಸದ್ದಾಯಿತು. ಭವ್ಯಶ್ರೀಯ ತೋಳುಗಳು ಅವಳನ್ನು ಕೇಳದೆಯೇ ತೆರೆದುಕೊಂಡವು. ತೆರೆದುಕೊಂಡದ್ದು ಅವಳಿಗೆ ಗೊತ್ತಾಗುವಾಗ ಅವಳು ಎದ್ದು ಕಾಲ ಮೇಲೆ ನಿಂತು, ಬಗ್ಗಿ, ಚೆಂಡಿನ ಮೇಲೆ ಎರಡೂ ಕೈಯಿಟ್ಟಾಗಿತ್ತು. ಕೆಳಗಿದ್ದವಳು ಚೆಂಡು ಬಿಡಲಿಲ್ಲ, ಎಳೆದಳು.

ಸೀಟಿ ಕೇಳಿತು.

ಭವ್ಯಶ್ರೀ ನಿಂತಲ್ಲೇ ಕಲ್ಲಾದಳು. ತನ್ನ ಕೈಗಳನ್ನು ನೋಡಿಕೊಂಡಳು: ಅವು ಚೆಂಡಿನ ಮೇಲಿದ್ದವು, ಯಾರ ಮೈಮೇಲೂ ಇರಲಿಲ್ಲ. ರೆಫರಿಯ ಕೈ ಅವಳ ತಂಡದ ಕಡೆಗೆ ಮೇಲೇರಿತು. ಈ ಸಲ ತಪ್ಪು ಬಿದ್ದವಳದ್ದು. ಬಿದ್ದಮೇಲೂ ಚೆಂಡು ಬಿಡದವಳದ್ದು.

ಹರಿನಾಥ ಹೆಸರುಗಳನ್ನು ಓದಿದಾಗ ಅವಳದ್ದು ಕೊನೆಗೆ ಬಂತು. “ಒಂದು ಒಳ್ಳೆಯದು, ಎರಡು ಕೆಟ್ಟದ್ದು. ಪುಣೆಯಲ್ಲಿ ಈ ಲೆಕ್ಕ ತಿರುಗಿಸಬೇಕು” ಎಂದರು. ಅಭಿನಂದನೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಅವಳೂ ಅದನ್ನು ನಿರೀಕ್ಷಿಸಿರಲಿಲ್ಲ.

ಕಣ್ಣೂರು ರೈಲುನಿಲ್ದಾಣದಲ್ಲಿ ಮನೆಗೆ ಸುದ್ದಿ ತಿಳಿಸಿದ ಬಳಿಕ ಅವಳು ಮಾಸ್ಟ್ರಿಗೆ ಫೋನು ಮಾಡಿದಳು. ಮಾತನಾಡುತ್ತಾ ಕೂಡ ಪ್ಲಾಟ್‌ಫಾರ್ಮಿನ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇದ್ದಳು.

“ಮಾಸ್ಟ್ರೇ, ಬಿಟ್ಟೆ. ಹನ್ನೆರಡರಲ್ಲಿ ಇದ್ದೇನೆ.”

ಆ ಕಡೆ ಹುಡುಗಿಯರ ಕೂಗಾಟ ಕೇಳಿಸುತ್ತಿತ್ತು.

“ಒಳ್ಳೇದಾಯ್ತು” ಎಂದರು ಮಾಸ್ಟ್ರು. “ಆದ್ರೆ ಒಂದು ಮಾತು ಕೇಳು. ಇನ್ನು ನೀನು ಇಲ್ಲಿಗೆ ಬರುವಾಗ ಆ ವಿದ್ಯೆಯನ್ನು ಗೇಟಿನ ಹೊರಗೆ ಇಟ್ಟು ಬರ್ಬೇಕು. ನಿನ್ನನ್ನು ನೋಡಿ ಆ ಸೌಮ್ಯಶ್ರೀ ಇವತ್ತು ದಾಳಿಗೆ ಬಂದವಳನ್ನು ಹಿಡಿದು, ಕೆಡವಿ, ಚಂದಕ್ಕೆ ಬಿಟ್ಟುಬಿಟ್ಟಳು. ನಾವು ಪೆರ್ಲದ ತಂಡದವರೆದುರು ಸೋತೆವು ಮಾರಾಯ್ತಿ.”